ಹಂದಿಯ ಕವಾಟ, ದನದ ಕವಾಟ, ಹೆಪಾರಿನ್: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಮುಸ್ಲಿಂ ಕುಟುಂಬ ಕೇಳಬೇಕಾದದ್ದು

"ಅಪ್ಪನಿಗೆ ಹೃದಯದ ವಾಲ್ವ್ ಬದಲಿಸಬೇಕಂತೆ, ಹಾಕೋದು ಹಂದಿಯದ್ದಂತೆ, ಹಾಕಿಸಬಹುದಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಹಲ್ಲಿನ ಮೂಳೆಪುಡಿ, ಸುಟ್ಟಗಾಯದ ಕೊಲಾಜನ್ (ಪ್ರಾಣಿಯ ಚರ್ಮ, ಮೂಳೆಯಲ್ಲಿರುವ ಎಳೆಯಂಥ ಪ್ರೋಟೀನ್) ಹಾಳೆ, ಕ್ಯಾಪ್ಸೂಲ್, ಲಸಿಕೆ ಇವುಗಳ ಬಗ್ಗೆಯೂ ಹೀಗೇ ಕೇಳುತ್ತಾರೆ. ಇದೇ ಒಂದು ಸಾಲನ್ನು ಇಬ್ಬರು ಮುಫ್ತಿಗಳಿಗೆ ಕಳಿಸಿದರೆ ಎರಡು ಉತ್ತರ ಬರಬಹುದು. ಆಗ ಮನೆಯವರು ಧರ್ಮಪಂಡಿತರಲ್ಲೇ ಒಮ್ಮತವಿಲ್ಲ ಎಂದು ಕಂಗಾಲಾಗುತ್ತಾರೆ. ನಿಜಕ್ಕೆ ಕೊರತೆ ಇರುವುದು ಪ್ರಶ್ನೆಯಲ್ಲಿ. ಯಾವ ವಸ್ತು, ಯಾವ ಪ್ರಾಣಿ, ಎಷ್ಟು ತುರ್ತು, ಬದಲಿ ಏನಿದೆ ಎಂಬ ನಾಲ್ಕು ಸಂಗತಿ ಗೊತ್ತಿಲ್ಲದೆ ಯಾವ ಮುಫ್ತಿಯೂ ಖಚಿತ ಹುಕುಮ್, ಅಂದರೆ ಧಾರ್ಮಿಕ ವಿಧಿ, ಹೇಳಲಾರರು. ಆ ನಾಲ್ಕನ್ನು ತಿಳಿದುಕೊಂಡು, ಸರಿಯಾದ ಕಡೆ ಸರಿಯಾಗಿ ಕೇಳುವ ದಾರಿ ಇಲ್ಲಿದೆ. ಇದು ಫತ್ವಾ ಅಲ್ಲ, ವೈದ್ಯರ ಸಲಹೆಗೆ ಬದಲಿಯೂ ಅಲ್ಲ.

ಮೊದಲೇ ಒಂದು ಎಚ್ಚರಿಕೆ. ರೋಗಿ ತೀವ್ರ ನಿಗಾ ಘಟಕದಲ್ಲಿದ್ದು, ಗಂಟೆಗಳ ಲೆಕ್ಕದಲ್ಲಿ ತೀರ್ಮಾನ ಆಗಬೇಕಿದ್ದರೆ ಈ ಲೇಖನವನ್ನು ಬದಿಗಿಡಿ. ಚಿಕಿತ್ಸೆ ಶುರುವಾಗಲಿ. ಪ್ರಾಣ ಹೋಗುವ ಸ್ಥಿತಿಯಲ್ಲಿ ನಿಷಿದ್ಧ ವಸ್ತುವಿಗೂ ರಿಯಾಯಿತಿ ಇದೆ ಎಂಬುದು ಕುರ್‌ಆನಿನ ನಾಲ್ಕು ಕಡೆ ಬರುವ ಮಾತು: ಅಲ್ ಬಕರ 173, ಅಲ್ ಮಾಇದ 3, ಅಲ್ ಅನ್‌ಆಮ್ 145, ಅನ್ನಹ್ಲ್ 115. ಹಂದಿಮಾಂಸವನ್ನು ನಿಷೇಧಿಸುವ ಇದೇ ಸೂಕ್ತಗಳು, ನಿರ್ಬಂಧಕ್ಕೆ ಒಳಗಾದವನ ಮೇಲೆ ದೋಷವಿಲ್ಲವೆಂದೂ ಹೇಳುತ್ತವೆ. ಈ ಅನಿವಾರ್ಯತೆಗೆ ಫಿಕ್ಹ್‌ನಲ್ಲಿ, ಅಂದರೆ ಇಸ್ಲಾಮೀ ಕರ್ಮಶಾಸ್ತ್ರದಲ್ಲಿ, ದರೂರತ್ ಎನ್ನುತ್ತಾರೆ.

ಹಂತ 1: ಒಳಗೆ ಹೋಗುವ ವಸ್ತು ಯಾವುದೆಂದು ಖಚಿತ ಮಾಡಿಕೊಳ್ಳಿ

"ಪ್ರಾಣಿಯದ್ದು" ಎಂಬ ಉತ್ತರ ಸಾಲದು. ಉತ್ಪನ್ನದ ಹೆಸರು, ಕಂಪನಿ, ಮಾಡೆಲ್ ಬರೆಸಿಕೊಳ್ಳಿ. ಪ್ರತಿ ಇಂಪ್ಲಾಂಟ್, ಅಂದರೆ ಮೈಯೊಳಗೆ ಕೂರಿಸುವ ಸಾಧನದ ಜೊತೆ ಬಳಕೆಯ ಸೂಚನಾ ಪತ್ರ ಇರುತ್ತದೆ. ಅದರಲ್ಲಿ ಈ ಪದಗಳನ್ನು ಹುಡುಕಿ: ಪೋರ್ಸೈನ್ ಎಂದರೆ ಹಂದಿಯದ್ದು, ಬೋವೈನ್ ದನದ್ದು, ಈಕ್ವೈನ್ ಕುದುರೆಯದ್ದು, ಓವೈನ್ ಕುರಿಯದ್ದು. ಬೇರೆ ಪ್ರಾಣಿಯಿಂದ ಬಂದ ಅಂಗಾಂಶ ಝೀನೋಗ್ರಾಫ್ಟ್, ಇನ್ನೊಬ್ಬ ಮನುಷ್ಯನಿಂದ ಬಂದದ್ದು ಅಲೋಗ್ರಾಫ್ಟ್, ರೋಗಿಯ ಮೈಯಿಂದಲೇ ತೆಗೆದದ್ದು ಆಟೋಗ್ರಾಫ್ಟ್. ಕಾರ್ಖಾನೆಯಲ್ಲಿ ಮಾಡಿದ್ದು ಸಿಂಥೆಟಿಕ್.

ಸಾಮಾನ್ಯವಾಗಿ ಎದುರಾಗುವ ವಸ್ತುಗಳು ಇವು.

ಹೃದಯದ ಕವಾಟದಲ್ಲಿ ಎರಡು ಜಾತಿ. ಮೆಕ್ಯಾನಿಕಲ್ ವಾಲ್ವ್ ಇಂಗಾಲ, ಲೋಹ, ಪ್ಲಾಸ್ಟಿಕ್‌ಗಳಿಂದ ಆದದ್ದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ರೂಪಿಸಿದ, 1990ರಿಂದ ಬಳಕೆಯಲ್ಲಿರುವ ಚಿತ್ರಾ ವಾಲ್ವ್ ಈ ಜಾತಿಯದು. ಟಿಶ್ಯೂ ವಾಲ್ವ್ ಪ್ರಾಣಿಯ ಅಂಗಾಂಶದ್ದು. ಕೆಲವು ಹಂದಿಯ ಮಹಾಪಧಮನಿ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಕವಾಟದಿಂದಲೇ ಮಾಡಿದವು, ಕೆಲವು ದನದ ಪೆರಿಕಾರ್ಡಿಯಂನಿಂದ, ಅಂದರೆ ಹೃದಯವನ್ನು ಸುತ್ತಿರುವ ತೆಳು ಚೀಲದಿಂದ ಕತ್ತರಿಸಿ ಹೊಲಿದವು. ತೊಡೆಯ ರಕ್ತನಾಳದ ಮೂಲಕ, ಎದೆ ತೆರೆಯದೆ ಕೂರಿಸುವ ಟಾವಿ ಕವಾಟಗಳಲ್ಲಿ ಸೇಪಿಯನ್ ಮತ್ತು ಗುಜರಾತಿನಲ್ಲಿ ತಯಾರಾಗುವ ಮೈವಾಲ್ ದನದ ಪೆರಿಕಾರ್ಡಿಯಂನವು. ಎವೊಲ್ಯೂಟ್ ಹಂದಿಯ ಪೆರಿಕಾರ್ಡಿಯಂನದು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬಹುಪಾಲು ಹಂದಿಯ ಕರುಳಿನ ಒಳಪದರದಿಂದ ಬರುತ್ತದೆ. ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಎನೊಕ್ಸಪಾರಿನ್ ಅದರದೇ ಸಣ್ಣ ರೂಪ. ಆಂಜಿಯೋಪ್ಲಾಸ್ಟಿ, ಡಯಾಲಿಸಿಸ್, ಆಪರೇಶನ್ ವೇಳೆ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರ ಎಲ್ಲದರಲ್ಲೂ ಹೆಪಾರಿನ್ ಇದೆ. ಕವಾಟದ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುವ ಮನೆಗಳಲ್ಲಿ ಈ ಹೆಸರೇ ಬರುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡು ಮುಫ್ತಿಯವರಿಗೆ ಎರಡನ್ನೂ ಒಟ್ಟಿಗೆ ಹೇಳುವುದು ಒಳ್ಳೆಯದು.

ದಂತ ಚಿಕಿತ್ಸೆಯಲ್ಲಿ ಇಂಪ್ಲಾಂಟ್ ಹಾಕುವ ಮುಂಚೆ ದವಡೆ ಸವೆದಿದ್ದರೆ ಮೂಳೆಪುಡಿ ತುಂಬುತ್ತಾರೆ. ಹೆಚ್ಚು ಬಳಕೆಯ ಜೋಡಿಯೊಂದರಲ್ಲಿ ಪುಡಿ, ಅಂದರೆ ಬಯೋ-ಆಸ್, ದನದ ಮೂಳೆಯದು. ಅದರ ಮೇಲೆ ಹೊದಿಸುವ ಬಯೋ-ಗೈಡ್ ಪೊರೆ ಹಂದಿಯ ಕೊಲಾಜನ್. "ಪುಡಿ ದನದ್ದು" ಎಂಬ ಉತ್ತರ ಸಿಕ್ಕೊಡನೆ ನಿಲ್ಲಿಸಬೇಡಿ, ಪೊರೆ ಯಾವುದೆಂದೂ ಕೇಳಿ.

ಇನ್ನು ಚಿಕ್ಕಪುಟ್ಟವು. ಕ್ಯಾಟ್‌ಗಟ್ ಹೊಲಿಗೆ ದಾರ ಕುರಿ ಅಥವಾ ದನದ ಕರುಳಿನದು. ರಕ್ತಸ್ರಾವ ನಿಲ್ಲಿಸುವ ಜೆಲಾಟಿನ್ ಸ್ಪಂಜುಗಳಲ್ಲಿ ಜೆಲ್‌ಫೋಮ್ ಹಂದಿಯ ಚರ್ಮದ್ದು. ಮಹಾಪಧಮನಿಗೆ ಹಾಕುವ ಬಟ್ಟೆಯ ಕೊಳವೆಗಳಿಗೆ ರಕ್ತ ಜಿನುಗದಂತೆ ದನದ ಜೆಲಾಟಿನ್ ಅಥವಾ ಕೊಲಾಜನ್ ಲೇಪಿಸಿರುತ್ತಾರೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಶ್ವಾಸಕೋಶ ಬಿಚ್ಚಲು ಕೊಡುವ ಸರ್ಫ್ಯಾಕ್ಟಂಟ್‌ಗಳಲ್ಲಿ ಕ್ಯೂರೋಸರ್ಫ್ ಹಂದಿಯದು, ಸರ್ವಾಂಟಾ ದನದ್ದು. ಮೇದೋಜ್ಜೀರಕ ಗ್ರಂಥಿ ಕೆಟ್ಟವರು ಊಟದ ಜೊತೆ ನುಂಗುವ ಪ್ಯಾಂಕ್ರಿಯಾಟಿನ್ ಹಂದಿಯದು. ಇನ್ಸುಲಿನ್ ಬಗ್ಗೆ ಚಿಂತೆ ಬೇಡ. 1982ರಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮಾನವ ಇನ್ಸುಲಿನ್ ಬಂದ ಮೇಲೆ ಹಂದಿ, ದನದ ಇನ್ಸುಲಿನ್ ಬಹುತೇಕ ಮರೆಯಾಗಿದೆ.

ಗೋವಿನ ವಸ್ತು ಬೇಡವೆನ್ನುವ ಹಿಂದೂ ಕುಟುಂಬಗಳಿಗೂ, ಪ್ರಾಣಿಜನ್ಯವೇ ಬೇಡವೆನ್ನುವ ಜೈನರಿಗೂ ಈ ಪಟ್ಟಿ ಅಷ್ಟೇ ಉಪಯೋಗಕ್ಕೆ ಬರುತ್ತದೆ.

ಹಂತ 2: ವಿಜ್ಞಾನ ಈ ಅಂಗಾಂಶವನ್ನು ಏನು ಮಾಡಿದೆ ಎಂದು ತಿಳಿಯಿರಿ

ಧಾರ್ಮಿಕ ಚರ್ಚೆಯ ಅರ್ಧ ಭಾಗ ನಿಂತಿರುವುದು ಇಲ್ಲಿ. ಹಸಿ ಹಂದಿಯ ಕವಾಟವನ್ನು ನೇರ ಮನುಷ್ಯನಿಗೆ ಹಾಕಿದರೆ ಮೈ ಅದನ್ನು ಒಪ್ಪುವುದಿಲ್ಲ. ಪ್ರಾಣಿಯ ಜೀವಕೋಶದ ಮೇಲಿರುವ ಆಲ್ಫಾ-ಗ್ಯಾಲ್ ಎಂಬ ಸಕ್ಕರೆ ಅಣು ಮನುಷ್ಯರಲ್ಲಿ ಇಲ್ಲ. ಅದರ ವಿರುದ್ಧ ಪ್ರತಿಕಾಯಗಳು ನಮ್ಮ ರಕ್ತದಲ್ಲಿ ಸದಾ ಇರುತ್ತವೆ. 1960ರ ದಶಕದ ಕೊನೆಗೆ ಫ್ರಾನ್ಸಿನ ಅಲೆನ್ ಕಾರ್ಪೆಂಟಿಯೆ ಕಂಡುಕೊಂಡ ಪರಿಹಾರ ಗ್ಲುಟರಾಲ್ಡಿಹೈಡ್. ಈ ದ್ರಾವಣದಲ್ಲಿ ನೆನೆದಾಗ ಜೀವಕೋಶಗಳು ಸಾಯುತ್ತವೆ, ಕೊಲಾಜನ್ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಳ್ಳುತ್ತವೆ. ತೊಗಲು ಹದ ಮಾಡುವ ಉದ್ಯಮದಲ್ಲೂ ಇದೇ ರಾಸಾಯನಿಕ ಬಳಕೆಯಲ್ಲಿದೆ. ಆಪರೇಶನ್ ಕೋಣೆಗೆ ಬರುವ ಬಹಳಷ್ಟು ಟಿಶ್ಯೂ ವಾಲ್ವ್‌ಗಳು ಇಂಥ ಸಂರಕ್ಷಕ ದ್ರಾವಣ ತುಂಬಿದ ಅಗಲಬಾಯಿಯ ಬಾಟಲಿಯಲ್ಲಿ, ಬಿಳಿ ಬಟ್ಟೆಯ ಉಂಗುರಕ್ಕೆ ಹೊಲಿದ ಮೂರು ಮಾಸಲು ಬಣ್ಣದ ಎಸಳುಗಳಾಗಿ ಇರುತ್ತವೆ. ನರ್ಸ್ ಅದನ್ನು ಸಲೈನ್‌ನಲ್ಲಿ ಮತ್ತೆ ಮತ್ತೆ ಅಲಸಿ, ಸೀರಿಯಲ್ ನಂಬರಿನ ಚೀಟಿ ನೋಡಿ ಸರ್ಜನ್ ಕೈಗೆ ಕೊಡುತ್ತಾರೆ.

ಹಾಗಾದರೆ ಈ ಹದ ಮಾಡಿದ ಅಂಗಾಂಶ ಹಂದಿಯೇ, ಅಲ್ಲವೇ? ವಿಜ್ಞಾನದ ಉತ್ತರ ಸ್ಪಷ್ಟ: ಕೊಲಾಜನ್ ಎಳೆಗಳ ವಿನ್ಯಾಸ ಮೂಲದ್ದೇ, ಜೀವ ಇಲ್ಲ. ಮೂಳೆಪುಡಿಯಲ್ಲಿ ಬದಲಾವಣೆ ಇನ್ನೂ ದೊಡ್ಡದು. ಪ್ರೋಟೀನ್ ಎಲ್ಲ ತೆಗೆದು ಖನಿಜದ ಜಾಲರಿ ಮಾತ್ರ ಉಳಿಸಿರುತ್ತಾರೆ. ಜೆಲಾಟಿನ್‌ನಲ್ಲಿ ಕೊಲಾಜನ್ ಒಡೆದು ಬೇರೆಯೇ ಗುಣದ ಪದಾರ್ಥ ಆಗಿರುತ್ತದೆ. ಈ ಬದಲಾವಣೆ ಧರ್ಮದ ದೃಷ್ಟಿಯಲ್ಲಿ ಸಾಕೇ ಎಂಬುದು ಬೇರೆ ಪ್ರಶ್ನೆ. ಅದು ನಾಲ್ಕನೇ ಹಂತದಲ್ಲಿ.

ಅಂದಹಾಗೆ, ಕೆಂಪು ಮಾಂಸ ತಿಂದ ಕೆಲವು ಗಂಟೆಗಳ ನಂತರ ಮೈತುಂಬ ದದ್ದು, ಉಸಿರುಕಟ್ಟು ಆಗುವವರು ಅದನ್ನು ಸರ್ಜನ್‌ಗೆ ತಪ್ಪದೆ ಹೇಳಿ. ಆಲ್ಫಾ-ಗ್ಯಾಲ್ ಅಲರ್ಜಿ ಇರುವವರಿಗೆ ಹಂದಿ, ದನ ಎರಡರ ಕವಾಟದಿಂದಲೂ, ಜೆಲಾಟಿನ್‌ನಿಂದಲೂ ತೊಂದರೆ ಬರಬಹುದು.

ಹಂತ 3: ಬದಲಿ ಇದೆಯೇ, ಅದು ಇವರಿಗೆ ಹೊಂದುತ್ತದೆಯೇ?

ಸರ್ಜನ್‌ಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೇ ಮುಖ್ಯ. "ಹಂದಿಯದ್ದು ಬೇಡ" ಎಂದು ಹೇಳಿ ಸುಮ್ಮನಾಗಬೇಡಿ. "ಇವರ ವಯಸ್ಸು, ರೋಗ ನೋಡಿದರೆ ಹಂದಿಯದ್ದಲ್ಲದ ಯಾವ ದಾರಿಗಳಿವೆ? ಪ್ರತಿಯೊಂದರ ಲಾಭ, ನಷ್ಟ ಏನು?" ಎಂದು ಕೇಳಿ.

ಕವಾಟದ ವಿಷಯದಲ್ಲಿ ದಾರಿಗಳು ಹಲವು. ಮೊದಲನೆಯದು, ಬದಲಿಸದೆ ದುರಸ್ತಿ. ನಮ್ಮಲ್ಲಿ ಎಳೆಯ ವಯಸ್ಸಿನವರ ಕವಾಟ ಕೆಡಲು ದೊಡ್ಡ ಕಾರಣ ಬಾಲ್ಯದ ರುಮ್ಯಾಟಿಕ್ ಜ್ವರ. ಅದರಿಂದ ಮೈಟ್ರಲ್ ಕವಾಟ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನದು) ಕಿರಿದಾಗಿದ್ದರೆ, ಕವಾಟದ ಆಕಾರ ಹೊಂದಿದರೆ, ಬಲೂನ್ ಹಾಕಿ ಬಿಡಿಸುವ ಚಿಕಿತ್ಸೆ ಸಾಕಾಗಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ಬಹಳ ಕಾಲದಿಂದ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ಬಲೂನ್ ಆದರೆ ಯಾವ ಪ್ರಾಣಿಯ ಅಂಗಾಂಶದ ಪ್ರಶ್ನೆಯೂ ಇಲ್ಲ.

ಎರಡನೆಯದು ಮೆಕ್ಯಾನಿಕಲ್ ವಾಲ್ವ್. ದಶಕಗಳ ಕಾಲ ಬಾಳುತ್ತದೆ. ಆದರೆ ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ, ಅಂದರೆ ವಾರ್ಫರಿನ್ ಅಥವಾ ಅಸಿನೊಕೌಮರಾಲ್ ತಪ್ಪುವುದಿಲ್ಲ. ಐಎನ್‌ಆರ್ ಎಂಬ ರಕ್ತಪರೀಕ್ಷೆ ನಿಯಮಿತವಾಗಿ ಮಾಡಿಸಬೇಕು. ಸಾಮಾನ್ಯವಾಗಿ ಮಹಾಪಧಮನಿ ಕವಾಟಕ್ಕೆ ಅದು 2ರಿಂದ 3, ಮೈಟ್ರಲ್‌ಗೆ 2.5ರಿಂದ 3.5ರ ಒಳಗಿರಬೇಕು. ಕಡಿಮೆಯಾದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಜಾಸ್ತಿಯಾದರೆ ಮೆದುಳಲ್ಲೋ ಹೊಟ್ಟೆಯಲ್ಲೋ ರಕ್ತಸ್ರಾವ. ಐಎನ್‌ಆರ್ ಬೇಡದ ಹೊಸ ಮಾತ್ರೆಗಳನ್ನು, ಉದಾಹರಣೆಗೆ ಡಾಬಿಗಾಟ್ರಾನ್ ಅನ್ನು, ಮೆಕ್ಯಾನಿಕಲ್ ವಾಲ್ವ್ ಇರುವವರು ತೆಗೆದುಕೊಳ್ಳುವಂತಿಲ್ಲ.

ಹಂದಿ ಬೇಡವೆಂಬ ಒಂದೇ ಕಾರಣಕ್ಕೆ ಹಟಹಿಡಿದು ಮೆಕ್ಯಾನಿಕಲ್ ಹಾಕಿಸಿಕೊಂಡು, ಊರಿಗೆ ಹೋಗಿ ಮೂರು ತಿಂಗಳಿಗೆ ಮಾತ್ರೆ ಬಿಟ್ಟುಬಿಡುವುದು ಅತ್ಯಂತ ಅಪಾಯದ ತಪ್ಪು. ಹತ್ತಿರದಲ್ಲಿ ಐಎನ್‌ಆರ್ ಮಾಡುವ ಲ್ಯಾಬ್ ಇಲ್ಲದ ಹಳ್ಳಿಯವರು ಈ ಸಂಗತಿಯನ್ನು ಸರ್ಜನ್‌ಗೂ ಮುಫ್ತಿಗೂ ಹೇಳಲೇಬೇಕು. ಮಕ್ಕಳಾಗಬೇಕಾದ ವಯಸ್ಸಿನ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಗರ್ಭದ ಮೊದಲ ತಿಂಗಳುಗಳಲ್ಲಿ ವಾರ್ಫರಿನ್ ಮಗುವಿಗೆ ಹಾನಿ ಮಾಡುತ್ತದೆ.

ಮೂರನೆಯದು ದನದ ಪೆರಿಕಾರ್ಡಿಯಂ ಕವಾಟ. ಬಾಳಿಕೆಯಲ್ಲಿ ಹಂದಿಯ ಕವಾಟಕ್ಕೆ ಸುಮಾರಾಗಿ ಸಮ, 10ರಿಂದ 15 ವರ್ಷ. ಎಳೆಯರಲ್ಲಿ ಇದಕ್ಕಿಂತ ಬೇಗ ಸವೆಯುತ್ತದೆ, ಆಗ ಮತ್ತೊಂದು ಆಪರೇಶನ್. ವಯಸ್ಸು 65 ದಾಟಿದ್ದರೆ ಸಾಮಾನ್ಯವಾಗಿ ಟಿಶ್ಯೂ ವಾಲ್ವ್, 50ರ ಒಳಗಿದ್ದರೆ ಮೆಕ್ಯಾನಿಕಲ್ ಎಂಬುದು ವೈದ್ಯರ ಸಾಮಾನ್ಯ ನಡೆ. ನಡುವಿನವರಿಗೆ ವ್ಯಕ್ತಿಗತ ತೀರ್ಮಾನ. ಎದೆ ತೆರೆದು ಮಾಡುವ ಆಪರೇಶನ್‌ನಲ್ಲಿ ದನದ ಕವಾಟ ಸಿಗುವಾಗ ಹಂದಿಯ ಕವಾಟವೇ ಅನಿವಾರ್ಯವೆಂದು ವಾದಿಸುವುದು ಕಷ್ಟ. ನಮ್ಮ ತಿಳಿವಳಿಕೆಯಲ್ಲಿ ಬಹಳಷ್ಟು ಕುಟುಂಬಗಳ ಪ್ರಶ್ನೆ ಇಲ್ಲೇ ಮುಗಿಯಬೇಕು. ಟಾವಿಯಲ್ಲಿ ಹಾಗಲ್ಲ. ಕವಾಟದ ಜಾಗ ತೀರಾ ಕಿರಿದಾಗಿದ್ದರೆ ತಾನೇ ಅರಳಿಕೊಳ್ಳುವ ಎವೊಲ್ಯೂಟ್ ಮಾದರಿ ಹೆಚ್ಚು ಹೊಂದುತ್ತದೆಂದು ವೈದ್ಯರು ಹೇಳಬಹುದು. ಆಗ ಕಾರಣವನ್ನು ಬರೆಸಿಕೊಳ್ಳಿ.

ಇಲ್ಲೂ ಒಂದು ಜಾರು ಜಾಗ ಇದೆ. ಎಸಳು ದನದ್ದಾಗಿದ್ದು, ಚೌಕಟ್ಟಿನ ಹೊದಿಕೆಗೆ ಹಂದಿಯ ಪೆರಿಕಾರ್ಡಿಯಂ ಬಳಸಿದ ಮಾದರಿಗಳು ಮಾರುಕಟ್ಟೆಗೆ ಬಂದಿವೆ. "ಇಡೀ ಕವಾಟದಲ್ಲಿ ಎಲ್ಲಾದರೂ ಪೋರ್ಸೈನ್ ಇದೆಯೇ?" ಎಂದೇ ಕೇಳಿ.

ರೋಗಿಯ ಸ್ವಂತ ಪೆರಿಕಾರ್ಡಿಯಂನಿಂದ ಎಸಳು ಹೊಲಿಯುವ ಓಝಾಕಿ ವಿಧಾನ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯಲ್ಲಿರುವ ಸ್ವಂತ ಕವಾಟವನ್ನೇ ಮಹಾಪಧಮನಿಯ ಜಾಗಕ್ಕೆ ಹಾಕುವ ರಾಸ್ ವಿಧಾನ ಕೂಡ ಇವೆ. ಎರಡಕ್ಕೂ ಆ ಕೈಚಳಕ ಇರುವ ಸರ್ಜನ್ ಬೇಕು. ಎಲ್ಲ ಕಡೆ ಸಿಗುವುದಿಲ್ಲ.

ಹೆಪಾರಿನ್‌ಗೆ ಬದಲಿ ಅಷ್ಟು ಸುಲಭವಲ್ಲ. ಕಾಲಿನ ರಕ್ತನಾಳದ ಹೆಪ್ಪಿಗೆ ಪೂರ್ತಿ ಸಿಂಥೆಟಿಕ್ ಆದ ಫೊಂಡಾಪರಿನಕ್ಸ್ ಇದೆ. ಆಂಜಿಯೋಪ್ಲಾಸ್ಟಿಯಲ್ಲಿ ಬೈವಲಿರುಡಿನ್ ಬಳಸಬಹುದು. ಹಾರ್ಟ್-ಲಂಗ್ ಯಂತ್ರಕ್ಕೆ ಮಾತ್ರ ಹೆಪಾರಿನ್‌ನಷ್ಟು ನೆಚ್ಚಬಹುದಾದದ್ದು ಇಲ್ಲ. ಕಾರಣ, ಅದರ ಪರಿಣಾಮವನ್ನು ಪ್ರೋಟಮಿನ್ ಕೊಟ್ಟು ತಕ್ಷಣ ಇಳಿಸಬಹುದು, ಬೈವಲಿರುಡಿನ್‌ಗೆ ಅಂಥ ಮದ್ದಿಲ್ಲ. ಪ್ಯಾಂಕ್ರಿಯಾಟಿನ್‌ಗೂ ಹತ್ತಿರದ ಬದಲಿ ಇಲ್ಲ. ಕ್ಯಾಟ್‌ಗಟ್ ಬದಲಿಗೆ ಸಿಂಥೆಟಿಕ್ ದಾರ, ಜೆಲಾಟಿನ್ ಸ್ಪಂಜಿನ ಬದಲಿಗೆ ಸಸ್ಯ ಸೆಲ್ಯುಲೋಸಿನ ಸರ್ಜಿಸೆಲ್, ಜೆಲಾಟಿನ್ ಕ್ಯಾಪ್ಸೂಲಿನ ಬದಲಿಗೆ ಸಸ್ಯಜನ್ಯ ಕ್ಯಾಪ್ಸೂಲ್ ಅಥವಾ ಅದೇ ಔಷಧದ ಮಾತ್ರೆ ಸುಲಭವಾಗಿ ಸಿಗುತ್ತವೆ. ಕ್ಯಾಪ್ಸೂಲ್ ಬಿಚ್ಚಿ ಪುಡಿ ನುಂಗುವುದನ್ನು ಮಾತ್ರ ಔಷಧಿ ಅಂಗಡಿಯವರನ್ನು ಕೇಳದೆ ಮಾಡಬೇಡಿ. ನಿಧಾನವಾಗಿ ಬಿಡುಗಡೆಯಾಗುವ ಔಷಧ ಒಮ್ಮೆಲೇ ಮೈಗೆ ಸೇರಿಬಿಡಬಹುದು.

ಮೂಳೆಪುಡಿಗೆ ಸಿಂಥೆಟಿಕ್ ಕ್ಯಾಲ್ಸಿಯಂ ಫಾಸ್ಫೇಟ್, ಇಲ್ಲವೇ ನಿಮ್ಮದೇ ದವಡೆಯಿಂದ ಕೆರೆದ ಮೂಳೆ ಇದೆ. ಸುಟ್ಟಗಾಯಕ್ಕೆ ಬ್ರೆಜಿಲ್‌ನ ಫೋರ್ಟಲೇಝಾದಲ್ಲಿ ತಿಲಾಪಿಯಾ ಮೀನಿನ ಚರ್ಮ, ಐಸ್‌ಲ್ಯಾಂಡಿನಲ್ಲಿ ಕಾಡ್ ಮೀನಿನ ಚರ್ಮ ಬಳಸುತ್ತಾರೆ. ಮೀನಿಗೆ ಝಬಹ್, ಅಂದರೆ ಇಸ್ಲಾಮೀ ವಿಧಿಯಂತೆ ಕೊಯ್ಯುವುದು, ಬೇಕಿಲ್ಲವಾದ್ದರಿಂದ ಅದರಲ್ಲಿ ತಕರಾರೇ ಇಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಈಗ ಸಿಗುವುದು ಹೆಚ್ಚಾಗಿ ದನದ ಕೊಲಾಜನ್ ಹಾಳೆ.

ಹಂತ 4: ನಿಮ್ಮ ಮದ್‌ಹಬ್ ಏನು ಹೇಳುತ್ತದೆ, ಎಲ್ಲಿ ಭಿನ್ನ?

ಮದ್‌ಹಬ್ ಎಂದರೆ ಕರ್ಮಶಾಸ್ತ್ರದ ಪಂಥ. ಕರ್ನಾಟಕದಲ್ಲಿ ಇದು ಪುಸ್ತಕದ ಪ್ರಶ್ನೆಯಲ್ಲ. ಮಂಗಳೂರು, ಉಡುಪಿ ಕಡೆಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿಯ ಉರ್ದು ಮಾತಾಡುವವರಲ್ಲಿ ಹೆಚ್ಚಿನವರು ಹನಫಿ. ಒಂದೇ ವಾರ್ಡಿನಲ್ಲಿ ಪಕ್ಕಪಕ್ಕದ ಹಾಸಿಗೆಯಲ್ಲಿ ಮಲಗಿದ ಇಬ್ಬರಿಗೆ ವಿವರಗಳಲ್ಲಿ ಭಿನ್ನ ಉತ್ತರ ಸಿಗಬಹುದು.

ಇಬ್ಬರಿಗೂ ಸಮಾನವಾದದ್ದು ಮೊದಲು. ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿ(ಸ)ಯವರ ಆದೇಶ. ಉಸಾಮಾ ಬಿನ್ ಶರೀಕ್ ವರದಿ ಮಾಡಿದ ಹದೀಸ್, ಅಂದರೆ ಪ್ರವಾದಿವಚನದ ಪ್ರಕಾರ ಮುಪ್ಪೊಂದನ್ನು ಬಿಟ್ಟು ಎಲ್ಲ ರೋಗಕ್ಕೂ ಮದ್ದಿದೆ. ಕುಲಾಬ್ ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜಾ ಬೆಳ್ಳಿಯ ಮೂಗು ಹಾಕಿಸಿಕೊಂಡರು. ಅದು ನಾರತೊಡಗಿದಾಗ, ಪುರುಷರಿಗೆ ನಿಷಿದ್ಧವಾದ ಚಿನ್ನದ ಮೂಗು ಹಾಕಿಸಿಕೊಳ್ಳಲು ಪ್ರವಾದಿ(ಸ) ಹೇಳಿದರು. ಅಬೂದಾವೂದ್, ತಿರ್ಮಿದಿ ಇದನ್ನು ದಾಖಲಿಸಿದ್ದಾರೆ. ನಿಷಿದ್ಧದಲ್ಲಿ ನಿಮಗೆ ಶಮನ ಇಟ್ಟಿಲ್ಲ ಎಂಬ, ಪ್ರವಾದಿ(ಸ)ಯವರ ಸಂಗಾತಿ ಇಬ್ನ್ ಮಸ್‌ಊದರ ಮಾತನ್ನೂ ಕೆಲವರು ಮುಂದಿಡುತ್ತಾರೆ. ಅದು ಶುದ್ಧ ಮದ್ದು ಸಿಗುವಾಗಿನ ಮಾತು ಎಂದು ಅನೇಕ ಪಂಡಿತರು ವಿವರಿಸಿದ್ದಾರೆ. ಜೊತೆಗೆ ಎರಡು ಸೂತ್ರಗಳನ್ನು ನೆನಪಿಡಿ: ಅನಿವಾರ್ಯತೆ ನಿಷಿದ್ಧವನ್ನು ಸಮ್ಮತವಾಗಿಸುತ್ತದೆ, ಮತ್ತು ಆ ಸಮ್ಮತಿ ಅನಿವಾರ್ಯತೆ ಇರುವಷ್ಟೇ. ಎರಡನೆಯದನ್ನು ಜನ ಮರೆಯುತ್ತಾರೆ. ಹಂದಿಯ ಹೆಪಾರಿನ್ ಅನಿವಾರ್ಯವಾಯಿತೆಂದು ಹಂದಿಯ ಜೆಲಾಟಿನ್ ಇರುವ ವಿಟಮಿನ್ ಕ್ಯಾಪ್ಸೂಲಿಗೂ ಅನುಮತಿ ಸಿಕ್ಕಂತಲ್ಲ.

ಹನಫಿಗಳಲ್ಲಿ ಹಂದಿಯ ಇಡೀ ದೇಹವೇ ಮೂಲತಃ ಅಶುದ್ಧ, ಅಂದರೆ ನಜೀಸ್. ಬೇರೆ ಪ್ರಾಣಿಗಳ ಮೂಳೆಯಲ್ಲಿ ಹಾಗಲ್ಲ. ಕುರಿ, ದನ, ಒಂಟೆ, ಕುದುರೆಯ ಮೂಳೆಯಿಂದ ಚಿಕಿತ್ಸೆ ಮಾಡಲು ಅಡ್ಡಿಯಿಲ್ಲ, ಹಂದಿ ಮತ್ತು ಮನುಷ್ಯರ ಮೂಳೆ ಬೇಡ ಎಂಬ ಹನಫಿ ಪಂಡಿತ ಇಮಾಂ ಮುಹಮ್ಮದರ ಮಾತು ಔರಂಗಜೇಬನ ಕಾಲದ ಫತ್ವಾ ಸಂಗ್ರಹ ಫತಾವಾ ಆಲಮ್‌ಗೀರಿಯಲ್ಲಿದೆ. ದವಡೆಗೆ ದನದ ಮೂಳೆಪುಡಿ ಹಾಕಿಸಿಕೊಳ್ಳುವ ಹನಫಿಗೆ ಇದು ನೇರ ನೆರವು. ನಿಷಿದ್ಧ ಔಷಧದ ಬಗ್ಗೆ ಹನಫಿ ಫತ್ವಾ ನಿಂತಿರುವುದು ಎರಡು ಷರತ್ತಿನ ಮೇಲೆ: ಅದರಿಂದ ಗುಣವಾಗುವುದು ತಿಳಿದಿರಬೇಕು, ಬೇರೆ ಮದ್ದು ತಿಳಿದಿರಬಾರದು.

ಶಾಫಿಗಳಲ್ಲಿ ಝಬಹ್ ಆಗದ ದನವೂ ಸತ್ತ ಪ್ರಾಣಿಯ ಲೆಕ್ಕ. ಅದರ ಮೂಳೆಯೂ ನಜೀಸ್. ಹುಚ್ಚುದನ ರೋಗದ ಭಯದಿಂದ ಕವಾಟದ ಕಂಪನಿಗಳು ಆ ರೋಗದ ಅಪಾಯ ಕಡಿಮೆಯಿರುವ ದೇಶಗಳ ಮಂದೆಗಳಿಂದ ಅಂಗಾಂಶ ತರುತ್ತವೆ. ಅಲ್ಲಿ ಝಬಹ್ ಆಗಿದೆ ಎನ್ನಲಾಗದು. ಆದ್ದರಿಂದ "ದನದ್ದು ತಾನೇ, ಹಲಾಲ್" ಎಂದು ಶಾಫಿ ಕುಟುಂಬ ತಾನೇ ತೀರ್ಮಾನಿಸಬಾರದು. ಆದರೆ ಗಾಬರಿಯೂ ಬೇಡ. 13ನೇ ಶತಮಾನದ ಶಾಫಿ ಪಂಡಿತ ಇಮಾಂ ನವವಿ ತಮ್ಮ ಗ್ರಂಥ ಮಿನ್‌ಹಾಜ್‌ನಲ್ಲಿ ಬರೆದದ್ದು ಇಂಥ ಸಂದರ್ಭಕ್ಕೇ: ಶುದ್ಧವಾದದ್ದು ಸಿಗದೆ ನಜೀಸ್ ಮೂಳೆಯಿಂದ ಮುರಿದ ಮೂಳೆ ಜೋಡಿಸಿದವನಿಗೆ ವಿನಾಯಿತಿ ಇದೆ. ಶುದ್ಧವಾದದ್ದು ಸಿಗುತ್ತಿದ್ದೂ ಹಾಗೆ ಮಾಡಿದ್ದರೆ ತೆಗೆಯಬೇಕು, ಅದೂ ಸ್ಪಷ್ಟ ಹಾನಿಯ ಭಯ ಇಲ್ಲದಿದ್ದರೆ ಮಾತ್ರ. ಕವಾಟ ಕಿತ್ತರೆ ಪ್ರಾಣಾಪಾಯ, ಹಾಗಾಗಿ ಒಮ್ಮೆ ಹಾಕಿದ್ದನ್ನು ತೆಗೆಸುವ ಮಾತೇ ಬರುವುದಿಲ್ಲ. ಮೈ ಹೊರಗೆ ಕಾಣುವ ಕೊಲಾಜನ್ ಹಾಳೆಯ ವಿಷಯ ಮೈಯೊಳಗಿನ ಕವಾಟದ್ದಕ್ಕಿಂತ ಬೇರೆ. ವುಝೂ (ನಮಾಝ್‌ಗೆ ಮುಂಚಿನ ಅಂಗಶುದ್ಧಿ), ಗಾಯದ ಪಟ್ಟಿಯ ಮೇಲೆ ಒದ್ದೆ ಕೈ ಸವರುವುದು, ಜೊತೆಗೆ ತಯಮ್ಮುಮ್ (ನೀರಿನ ಬದಲು ಮಣ್ಣಿನಿಂದ ಶುದ್ಧಿ), ನಮಾಝನ್ನು ಮತ್ತೆ ಸಲ್ಲಿಸುವುದು ಇವುಗಳ ವಿವರವನ್ನು ಉಸ್ತಾದರಲ್ಲಿ ಪ್ರತ್ಯೇಕವಾಗಿ ಕೇಳಿ.

ಇನ್ನು ಇಸ್ತಿಹಾಲ, ಅಂದರೆ ರೂಪಾಂತರ. ನಜೀಸ್ ವಸ್ತು ಮೂಲಗುಣ ಕಳೆದುಕೊಂಡು ಬೇರೆಯೇ ವಸ್ತುವಾದರೆ ಹುಕುಮ್ ಬದಲಾಗುತ್ತದೆ, ಮದ್ಯ ವಿನೆಗರ್ ಆದಂತೆ. ಹನಫಿ, ಮಾಲಿಕಿಗಳು ಇದನ್ನು ವಿಶಾಲವಾಗಿ ಒಪ್ಪುತ್ತಾರೆ. ಶಾಫಿಗಳು ತಾನಾಗಿಯೇ ವಿನೆಗರ್ ಆದ ಮದ್ಯ, ಹದ ಮಾಡಿದ ತೊಗಲು ಮುಂತಾದ ಕೆಲವಕ್ಕೆ ಸೀಮಿತಗೊಳಿಸುತ್ತಾರೆ, ನಾಯಿ ಮತ್ತು ಹಂದಿಯ ತೊಗಲು ಅದರಲ್ಲೂ ಇಲ್ಲ. ಕುವೈತಿನ ಇಸ್ಲಾಮೀ ವೈದ್ಯಕೀಯ ವಿಜ್ಞಾನ ಸಂಘಟನೆಯ 1995ರ ಸಭೆ ಜೆಲಾಟಿನ್ ಪೂರ್ತಿ ರೂಪಾಂತರ ಹೊಂದಿದ್ದರಿಂದ ಶುದ್ಧ ಎಂದಿತು. ಎಲ್ಲರೂ ಅದನ್ನು ಒಪ್ಪಿಲ್ಲ. ಗ್ಲುಟರಾಲ್ಡಿಹೈಡ್‌ನಲ್ಲಿ ಹದವಾದ ಕವಾಟಕ್ಕೆ ತೊಗಲು ಹದದ ನಿಯಮ ಅನ್ವಯಿಸಬಹುದೇ ಎಂಬುದು ಪಂಡಿತರು ಯೋಚಿಸಬೇಕಾದ ಪ್ರಶ್ನೆ. ನೀವೇ ಅದನ್ನು ಫತ್ವಾ ಮಾಡಿಕೊಳ್ಳಬೇಡಿ.

ಸಾಮೂಹಿಕ ತೀರ್ಮಾನಗಳಲ್ಲಿ ಮೂರು ನಮ್ಮ ಓದುಗರಿಗೆ ಬಹಳ ಪ್ರಯೋಜನದವು. ದೆಹಲಿಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ 1989ರ ಮೊದಲ ಸೆಮಿನಾರ್ ಹೀಗೆ ಹೇಳಿತು: ಪ್ರಾಣ ಅಥವಾ ಅಂಗ ಹೋಗುವ ಬಲವಾದ ಭಯ ಇದ್ದು, ಬದಲಿಯು ತಿನ್ನಬಾರದ ಪ್ರಾಣಿಯಲ್ಲಿ ಅಥವಾ ಝಬಹ್ ಆಗದ ಪ್ರಾಣಿಯಲ್ಲಿ ಮಾತ್ರ ಸಿಗುವುದಾದರೆ ಬಳಸಬಹುದು. ಅಂಥ ಭಯ ಇಲ್ಲದಿದ್ದರೆ ಹಂದಿಯ ಭಾಗಗಳನ್ನು ಬಳಸುವಂತಿಲ್ಲ. ಮಕ್ಕಾದ ಫಿಕ್ಹ್ ಕೌನ್ಸಿಲ್ 2003ರಲ್ಲಿ ಎನೊಕ್ಸಪಾರಿನ್‌ನಂಥ ಹೊಸ ಹೆಪಾರಿನ್ ಬಗ್ಗೆ ಚರ್ಚಿಸಿ, ಅದರ ಸ್ಥಾನ ತುಂಬುವ ಸಮ್ಮತ ಬದಲಿ ಇಲ್ಲದಾಗ ಅನುಮತಿ ಕೊಟ್ಟಿತು. ಅವರ ಮುಂದಿದ್ದ ಪ್ರಶ್ನೆ ಗಮನಿಸಿ: ಬದಲಿ ಇದೆ, ಆದರೆ ಅದರ ಗುಣ ಕಡಿಮೆ. ಹೆಸರಿಗೆ ಬದಲಿ ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚಲಿಲ್ಲ. 2018ರಲ್ಲಿ ಇಂಡೊನೇಷ್ಯಾದ ಉಲಮಾ ಮಂಡಳಿ, ಪುಣೆಯಲ್ಲಿ ತಯಾರಾದ ದಡಾರ-ರುಬೆಲ್ಲಾ ಲಸಿಕೆಯ ತಯಾರಿಯಲ್ಲಿ ಹಂದಿಯ ವಸ್ತು ಬಳಕೆಯಾದ್ದರಿಂದ ಅದು ಹರಾಂ, ಆದರೆ ಶುದ್ಧ ಲಸಿಕೆ ಸಿಗುವವರೆಗೆ ಅನಿವಾರ್ಯತೆಯಿಂದ ಬಳಸಬಹುದು ಎಂದಿತು. "ಹರಾಂ" ಎಂಬ ಅರ್ಧ ವಾಕ್ಯವನ್ನಷ್ಟೇ ವಾಟ್ಸಾಪಿನಲ್ಲಿ ಹರಿಯಬಿಟ್ಟರೆ ಮಕ್ಕಳು ದಡಾರಕ್ಕೆ ಬಲಿಯಾಗುತ್ತಾರೆ.

ಹಂತ 5: ಮುಫ್ತಿಗೆ ಪ್ರಶ್ನೆ ಬರೆಯಿರಿ

ಬಾಯಿಮಾತಲ್ಲಿ ಬೇಡ, ಬರೆದು ಕೊಡಿ. ನಿಮ್ಮ ಮೊಹಲ್ಲಾದ ಖತೀಬರು, ಕರಾವಳಿಯಲ್ಲಿ ಖಾಝಿಯವರು, ಬೆಂಗಳೂರಿನ ಸಬೀಲುರ್ರಶಾದ್‌ನಂಥ ಮದ್ರಸಾಗಳ ಮುಫ್ತಿಗಳು ಇವರಲ್ಲಿ ಯಾರಾದರೂ ಸರಿ. ಒಬ್ಬರನ್ನೇ ಕೇ‍ಳಿ. ಬೇಕಾದ ಉತ್ತರ ಸಿಗುವವರೆಗೆ ಐದು ಕಡೆ ಕೇಳುತ್ತಾ ಹೋದರೆ ಗೊಂದಲವೇ ಗಟ್ಟಿ. ಮಾದರಿ ಹೀಗಿರಲಿ:

"ಅಸ್ಸಲಾಮು ಅಲೈಕುಂ. ರೋಗಿಗೆ 68 ವರ್ಷ, ಶಾಫಿ ಮದ್‌ಹಬ್. ಮಹಾಪಧಮನಿ ಕವಾಟ ತೀರಾ ಕಿರಿದಾಗಿದೆ, ನಡೆದರೆ ತಲೆಸುತ್ತಿ ಬೀಳುತ್ತಾರೆ. ಬದಲಿಸದಿದ್ದರೆ ಪ್ರಾಣಾಪಾಯ ಎಂದು ವೈದ್ಯರು ಬರೆದಿದ್ದಾರೆ. ಮೆಕ್ಯಾನಿಕಲ್ ಕವಾಟ ಹಾಕಬಹುದು, ಆದರೆ ಹಿಂದೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಿರುವುದರಿಂದ ರಕ್ತ ತೆಳುವಾಗಿಸುವ ಮಾತ್ರೆ ಅಪಾಯವೆಂದು ವೈದ್ಯರ ಅಭಿಪ್ರಾಯ. ಲಭ್ಯವಿರುವ ಟಿಶ್ಯೂ ಕವಾಟ ದನದ್ದು, ಝಬಹ್ ಆದದ್ದೆಂದು ಖಾತ್ರಿಯಿಲ್ಲ. ಆಪರೇಶನ್ ವೇಳೆ ಹಂದಿಮೂಲದ ಹೆಪಾರಿನ್ ಬಳಸುತ್ತಾರೆ, ಅದಕ್ಕೆ ಸರಿಸಮ ಬದಲಿ ಇಲ್ಲವೆನ್ನುತ್ತಾರೆ. ಆಪರೇಶನ್ ದಿನಾಂಕ ಇಂಥದ್ದು. ಈ ಕವಾಟ ಮತ್ತು ಹೆಪಾರಿನ್ ಬಳಸಬಹುದೇ? ನಂತರ ನಮಾಝ್‌ಗೆ ಏನಾದರೂ ವಿಶೇಷ ನಿಯಮ ಇದೆಯೇ?"

ಜೊತೆಗೆ ವೈದ್ಯರ ಚೀಟಿ ಮತ್ತು ಎಕೋ ವರದಿಯ ಪ್ರತಿ ಇಡಿ. ಹಳೆಯ ಗ್ರಂಥಗಳಲ್ಲಿ ನಂಬಿಕಸ್ಥ ಮುಸ್ಲಿಂ ವೈದ್ಯರ ಮಾತು ಬೇಕೆಂದಿದೆ. ಇಂದಿನ ಅನೇಕ ಮುಫ್ತಿಗಳು ವೈದ್ಯರ ಪರಿಣತಿ, ಪ್ರಾಮಾಣಿಕತೆ ನೋಡುತ್ತಾರೆ. ಸಂಶಯವಿದ್ದರೆ ಇನ್ನೊಬ್ಬ ಹೃದ್ರೋಗ ತಜ್ಞರ ಅಭಿಪ್ರಾಯ ಸೇರಿಸಿ.

ಹಂತ 6: ಆಸ್ಪತ್ರೆಯಲ್ಲಿ

ಕವಾಟವನ್ನು ಸರಬರಾಜುದಾರರಿಂದ ತರಿಸುವುದುಂಟು. ಹಿಂದಿನ ರಾತ್ರಿ ಹೇಳಿದರೆ ಆಗದು. ದಿನಾಂಕ ಗೊತ್ತಾದ ಕೂಡಲೇ ನಿಮ್ಮ ಆಯ್ಕೆಯನ್ನು ಒಪ್ಪಿಗೆ ಪತ್ರದಲ್ಲೇ ಬರೆಸಿ: "ಹಂದಿಯ ಅಂಗಾಂಶ ಬೇಡ, ದನದ್ದು ಅಥವಾ ಮೆಕ್ಯಾನಿಕಲ್ ಆಗಬಹುದು." ಅದರ ಕೆಳಗೆ ಇನ್ನೊಂದು ಸಾಲು ಇರಲೇಬೇಕು: ಆಪರೇಶನ್ ನಡುವೆ ಆ ಕವಾಟ ಕೂರದಿದ್ದರೆ ಸರ್ಜನ್ ಏನು ಮಾಡಬಹುದು ಎಂದು. ಎದೆ ತೆರೆದಿರುವಾಗ ಹೊರಗೆ ಬಂದು ಚರ್ಚಿಸಲು ಸಮಯವಿರುವುದಿಲ್ಲ. ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಚಿಕಿತ್ಸೆ ಆಗುತ್ತಿದ್ದರೆ ಯಾವ ಕವಾಟ ಪ್ಯಾಕೇಜಿನೊಳಗೆ ಬರುತ್ತದೆ ಎಂದು ಆರೋಗ್ಯಮಿತ್ರರನ್ನು ಮುಂಚೆಯೇ ಕೇಳಿ.

ಇಡೀ ಹಂದಿಯ ಹೃದಯ, ಮೂತ್ರಪಿಂಡದ ಸುದ್ದಿ ಓದಿ ಕೇಳುವವರೂ ಇದ್ದಾರೆ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹತ್ತು ಜೀನ್ ಬದಲಾವಣೆ ಮಾಡಿದ ಹಂದಿಯ ಹೃದಯವನ್ನು ರೋಗಿಯೊಬ್ಬರಿಗೆ ಹಾಕಿದರು. ಅವರು ಸುಮಾರು ಎರಡು ತಿಂಗಳು ಬದುಕಿದ್ದರು. ಆ ತಂಡದ ಮುಂದಾಳುಗಳಲ್ಲಿ ಒಬ್ಬರು ಕರಾಚಿಯಲ್ಲಿ ಓದಿದ ಡಾ. ಮುಹಮ್ಮದ್ ಮೊಹಿಯುದ್ದೀನ್. 2025ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಹಂದಿಯ ಮೂತ್ರಪಿಂಡದ ಪ್ರಯೋಗಗಳಿಗೆ ಅನುಮತಿ ಕೊಟ್ಟರು. ಭಾರತದಲ್ಲಿ ಇದು ಚಿಕಿತ್ಸೆಯಾಗಿ ಲಭ್ಯವಿಲ್ಲ. 1997ರಲ್ಲಿ ಅಸ್ಸಾಂನ ಸೋನಾಪುರದಲ್ಲಿ ಧನಿರಾಮ್ ಬರುವಾ ಇಂಥ ಕಸಿ ಮಾಡಿ ರೋಗಿ ತೀರಿಕೊಂಡಾಗ ವೈದ್ಯರು ಜೈಲು ಸೇರಬೇಕಾಯಿತು. ಇಲ್ಲಿ ಯಾರಾದರೂ ಮಾಡಿಕೊಡುತ್ತೇವೆಂದರೆ ಹತ್ತಿರ ಹೋಗಬೇಡಿ.

ಹಂತ 7: ಮನೆಗೆ ಬಂದ ಮೇಲೆ

ಬಾಟಲಿಯ ಜೊತೆ ಬಂದ ಸೀರಿಯಲ್ ನಂಬರಿನ ಸ್ಟಿಕ್ಕರನ್ನು ಕೇಸ್ ಶೀಟಿಗೆ ಅಂಟಿಸಿರುತ್ತಾರೆ. ಅದರ ಪ್ರತಿ ಮತ್ತು ಇಂಪ್ಲಾಂಟ್ ಕಾರ್ಡ್ ಪಡೆದೇ ಡಿಸ್ಚಾರ್ಜ್ ಆಗಿ. ಹತ್ತು ವರ್ಷದ ನಂತರ ಎರಡನೇ ಆಪರೇಶನ್ ಬಂದರೆ ಯಾವ ಮಾದರಿ, ಯಾವ ಅಳತೆ ಎಂದು ಹೇಳುವುದು ಆ ಕಾರ್ಡೇ. ಟಿಶ್ಯೂ ಕವಾಟಕ್ಕೂ ಮೊದಲ ಕೆಲವು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ ಬರೆಯುವುದುಂಟು, "ಪ್ರಾಣಿಯ ಕವಾಟ, ಮಾತ್ರೆ ಬೇಡ" ಎಂದು ಬಿಡಬೇಡಿ. ಯಾವುದೇ ಕವಾಟ ಇದ್ದರೂ ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ತಿಳಿಸಿ. ಕವಾಟಕ್ಕೆ ಸೋಂಕು ತಗಲದಂತೆ ಮೊದಲೇ ಆ್ಯಂಟಿಬಯೋಟಿಕ್ ಕೊಡುತ್ತಾರೆ. ರಮಝಾನಿನಲ್ಲಿ ಮಾತ್ರೆಯ ಹೊತ್ತು ಬದಲಿಸುವುದಿದ್ದರೆ ಉಪವಾಸ ಶುರುವಾಗುವ ಕೆಲವು ವಾರ ಮುಂಚೆಯೇ ವೈದ್ಯರನ್ನು ನೋಡಿ, ಆಹಾರ ಬದಲಾದಾಗ ಐಎನ್‌ಆರ್ ಏರುಪೇರಾಗುತ್ತದೆ.

ಅನಿವಾರ್ಯವಾಗಿ ಹಂದಿಯ ಕವಾಟವೇ ಹಾಕಿಸಿಕೊಂಡವರು ತಮ್ಮ ನಮಾಝ್, ಹಜ್ ಸಿಂಧುವೇ ಎಂದು ಕೊರಗುತ್ತಾರೆ. ಮೈಯೊಳಗೆ ಸೇರಿಹೋದ, ತೆಗೆದರೆ ಅಪಾಯವಾಗುವ ವಸ್ತುವಿನಿಂದ ನಮಾಝ್ ಕೆಡುವುದಿಲ್ಲ. ಮರಣಾನಂತರ ಗುಸ್ಲ್, ಅಂದರೆ ಶವಸ್ನಾನ, ಮಾಡಿಸುವಾಗಲೂ ಕವಾಟವನ್ನು ತೆಗೆಯಬೇಕಿಲ್ಲ. ಮನೆಯವರು ರೋಗಿಯ ಮುಂದೆ ಈ ಮಾತನ್ನು ಸ್ಪಷ್ಟವಾಗಿ ಹೇಳಿಬಿಡಿ. ಮುಫ್ತಿಯವರ ಲಿಖಿತ ಉತ್ತರ ಇದ್ದರೆ ಅದನ್ನೂ ಇಂಪ್ಲಾಂಟ್ ಕಾರ್ಡಿನ ಜೊತೆಗೇ ಫೈಲಿನಲ್ಲಿಡಿ.